ಟ್ರಂಕುಗಳ ಗೋಡೆಯ ಆಚೆ

ಕಳೆದ ತಿಂಗಳು ಯಲಬುರ್ಗಾದಲ್ಲಿ ಅಂಗಡಿಯೊಂದಕ್ಕೆ ವೈಫೈ ಹಾಕುವ ಕೆಲಸ ಮುಗಿಸಿ, ಊರಾಚೆಯ ರಸ್ತೆಯಲ್ಲಿ ಕಬ್ಬಿನ ಹಾಲಿನ ಗಾಡಿಯ ಪಕ್ಕ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬೆಳಿಗ್ಗೆಯೇ ಡೇಟಾ ಮುಗಿದು ಸತ್ತಂತೆ ಬಿದ್ದಿದ್ದ ಫೋನು ಚೀಲದೊಳಗೆ ಇದ್ದಕ್ಕಿದ್ದಂತೆ ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ತೆಗೆದು ನೋಡಿದರೆ ಮೇಲಿನ ಮೂಲೆಯಲ್ಲಿ ವೈಫೈ ಗುರುತು. ಹೆಸರು ‘ಬೇವಿನಮರ’. ಆ ಹೆಸರು ಇಟ್ಟವಳು ನಾನೇ. ಆಮೇಲೆ ನನ್ನ ಫೋನು ಬದಲಾಗಿದೆ, ಅದರ ಮೇಲೊಂದು ಬದಲಾಗಿದೆ. ಆದರೂ ಹಳೆಯದರಿಂದ ಹೊಸದಕ್ಕೆ ದಾಟಿಕೊಂಡು ಬಂದ ಆ ಹೆಸರು, ನನಗಿಂತ ಮೊದಲೇ ರಸ್ತೆಯಾಚೆಯ ಕಾಂಪೌಂಡನ್ನು ಗುರುತು ಹಿಡಿದಿತ್ತು. ಇಷ್ಟು ವರ್ಷವಾದರೂ ಪಾಸ್‌ವರ್ಡ್ ಬದಲಿಸಿಲ್ಲವಲ್ಲ ಈ ಕಾಲೇಜಿನ ಮಹಾನುಭಾವರು ಎಂದು ಮೊದಲು ಬಂದದ್ದು ಕಸುಬಿನ ಸಿಟ್ಟು.

ಆಮೇಲೆ ಗಾಳಿ ಈ ಕಡೆ ತಿರುಗಿತು. ಬೇವಿನ ಹೂವಿನ ವಾಸನೆ, ಅದರ ಜೊತೆಗೆ ಬಿಸಿಲಿಗೆ ಕಾದ ತಗಡಿನ ವಾಸನೆ. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಆ ಹೆಸರು ಇಟ್ಟ ಬೇಸಿಗೆಯಲ್ಲಿ ನಾನು ಗಂಗಾವತಿಯಲ್ಲಿ ಸ್ವಂತ ಕೆಲಸ ಶುರು ಮಾಡಿದ ಹೊಸತು. ಕಾಲುವೆ ನೀರಿನ, ಭತ್ತದ ಗದ್ದೆಯ ಊರಿನವಳಿಗೆ ಯಲಬುರ್ಗಾದ ಬಿಸಿಲು ಅಂದರೆ ಶಿಕ್ಷೆ. ಶಿವರಾತ್ರಿ ಕಳೆದಿತ್ತಷ್ಟೆ, ಎರೆಹೊಲದಲ್ಲಿ ಕಡಲೆ ಕಿತ್ತು ಮುಗಿದು ನೆಲ ಬಾಯಿ ಬಿಟ್ಟಿತ್ತು. ಅಲ್ಲೊಂದು ಹೆಣ್ಣುಮಕ್ಕಳ ಡಿಗ್ರಿ ಕಾಲೇಜು, ಅದಕ್ಕೆ ಅಂಟಿಕೊಂಡ ಹಾಸ್ಟೆಲ್ಲು. ಕಾಲೇಜಿಗೆಲ್ಲ ವೈಫೈ ಹಾಕಬೇಕು, ಎಲ್ಲೆಲ್ಲಿ ಯಾವ ಡಬ್ಬಿ ಕೂರಬೇಕು ಎಂದು ನಕ್ಷೆ ಮಾಡಿಕೊಡಬೇಕು, ಮಾಡಿಕೊಟ್ಟಂತೆ ಕೂರಿಸಬೇಕು. ನನ್ನ ಪಾಲಿಗೆ ಅದು ಮೊದಲ ದೊಡ್ಡ ಕೆಲಸ. ಆಕ್ಸೆಸ್ ಪಾಯಿಂಟ್ ಎಂದು ಹೇಳಿ ಹೇಳಿ ಸಾಕಾಗಿ ನಾನೂ ಅದನ್ನು ಡಬ್ಬಿ ಎಂದೇ ಕರೆಯತೊಡಗಿದ್ದೆ.

ಹಾಸ್ಟೆಲ್ಲು ಇದ್ದದ್ದು ಹಳೆಯ ಹತ್ತಿ ಗೋದಾಮಿನಲ್ಲಿ. ಕಲ್ಲಿನ ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಹೊಸ್ತಿಲಲ್ಲಿ ಒಬ್ಬ ಹುಡುಗಿ ಕಾಲು ಚಾಚಿ ಮಲಗಿ ಓದುತ್ತಿದ್ದಳು. ಮೇಲೆ ತಗಡು. ಹಿಂದೆ ಬಂಡೆಗಲ್ಲಿನ ಗುಡ್ಡ. ಮೊಬೈಲ್ ಸಿಗ್ನಲ್ಲು ಆ ಗೋದಾಮಿನ ಒಳಗೆ ಕಾಲಿಡುತ್ತಿರಲಿಲ್ಲ. ನೀರಿನ ಟಾಕಿಯ ಮೆಟ್ಟಿಲ ಮೇಲೆ ಮಾತ್ರ ಸಿಗುತ್ತಿತ್ತು. ಅಲ್ಲಿಗೆ ಹತ್ತಲು ಭಾನುವಾರ ಮಾತ್ರ ಅಪ್ಪಣೆ. ಭಾನುವಾರ ಬೆಳಿಗ್ಗೆ ಸಾಲು ಸಾಲಾಗಿ ಹುಡುಗಿಯರು ಮೆಟ್ಟಿಲ ಮೇಲೆ ಕೂತು ಮನೆಗೆ ವಿಡಿಯೋ ಕರೆ ಮಾಡುವುದನ್ನು ನೋಡಿ, ಪಾಪ ಅನಿಸಿತ್ತು ನನಗೆ. ಇನ್ನು ಸ್ವಲ್ಪ ದಿನ ತಡೆಯಿರಿ, ಹಾಸಿಗೆಯ ಮೇಲೆ ಕೂತೇ ಮಾತಾಡುವಿರಂತೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಿದ್ದೆ.

ಕಾಲೇಜಿನ ಕಾರ್ಯದರ್ಶಿಗಳು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ. ನಾನು ಅಳತೆಪಟ್ಟಿ ಬಿಚ್ಚುವ ಮೊದಲೇ ಗೇಟಿನ ಮೇಲೆ ‘ಹಾಸ್ಟೆಲ್‌ನಲ್ಲಿ ಉಚಿತ ವೈಫೈ’ ಎಂದು ಬೋರ್ಡು ಏರಿಸಿಬಿಟ್ಟಿದ್ದರು. ಗೋಡೆಯುದ್ದಕ್ಕೂ ನಾನು ಎಳೆಸುತ್ತಿದ್ದ ಕೇಬಲ್ಲು ನೋಡಿ ಹುಬ್ಬೇರಿಸಿದರು.

“ಅಲ್ರೀ ಮೇಡಂ, ವೈರ್‌ಲೆಸ್ ಅಂದ್ರಿ. ಇಷ್ಟು ವೈರ್ ಯಾಕ ಬೇಕು?”

“ಡಬ್ಬಿಯಿಂದ ಫೋನಿಗೆ ವೈರ್ ಇಲ್ರಿ ಸರ್. ಡಬ್ಬಿಗೆ ಬೇಕಲ್ರಿ.”

“ಆತು ಬಿಡ್ರಿ. ಹುಡುಗ್ಯಾರು ಮಲಗೋ ಹಾಲ್‌ನಾಗ ಮಾತ್ರ ಫುಲ್ ಇರಬೇಕು ನೋಡ್ರಿ. ಪಾಲಕರು ಅಡ್ಮಿಷನ್ನಿಗೆ ಬಂದ್ರ ಮೊದಲ ಕೇಳೋದು ಅದನ್ನ. ನಮ್ಮ ಹುಡುಗಿ ದಿನಾ ಕಣ್ಣಿಗೆ ಕಾಣತಾಳೇನ್ರಿ ಅಂತ.”

ಒಳ್ಳೆಯ ಮಾತೇ ಅನಿಸಿತು. ತಲೆಯಾಡಿಸಿದೆ.

ಈ ಕೆಲಸದ ಗುಟ್ಟು ಇಷ್ಟೆ. ಡಬ್ಬಿಯನ್ನು ಒಂದು ಕಡೆ ಏಣಿಗೆ ಕಟ್ಟಿ ನಿಲ್ಲಿಸಿ, ಫೋನು ಹಿಡಿದು ಮೂಲೆ ಮೂಲೆಗೂ ನಡೆಯಬೇಕು. ಎಲ್ಲಿ ಎಷ್ಟು ಸಿಗ್ನಲ್ಲು ಬಂತೆಂದು ನಕ್ಷೆಯ ಮೇಲೆ ಬಣ್ಣ ಹಚ್ಚುತ್ತ ಹೋಗಬೇಕು: ಚೆನ್ನಾಗಿದ್ದರೆ ಹಸಿರು, ನಡುವಿನದಾದರೆ ಹಳದಿ, ಏನೂ ಇಲ್ಲದಿದ್ದರೆ ಕೆಂಪು. ಕಲ್ಲು ಎಷ್ಟು ಕುಡಿಯುತ್ತದೆ, ನೀರಿನ ಡ್ರಮ್ಮು ಎಷ್ಟು ನುಂಗುತ್ತದೆ ಎಂದು ಲೆಕ್ಕ ಹಾಕಬೇಕು. ಅಕ್ಕಪಕ್ಕದ ಡಬ್ಬಿಗಳಿಗೆ ಒಂದೇ ಚಾನೆಲ್ಲು ಕೊಟ್ಟರೆ ಸಂತೆಯ ಗದ್ದಲ. ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಕೆಂಪು ಒಂದು ಚುಕ್ಕೆಯೂ ಉಳಿಯಬಾರದು ಎಂಬುದು ಆಗ ನನ್ನ ಹಟವಾಗಿತ್ತು.

ಹುಡುಗಿಯರು ನನ್ನ ಹಿಂದೆಯೇ ಸುತ್ತುತ್ತಿದ್ದರು. ಅವರಲ್ಲಿ ಹುಲಿಗೆಮ್ಮ ಎಂಬ ಫೈನಲ್ ಇಯರ್ ಹುಡುಗಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದಳು. ಕುಷ್ಟಗಿ ಕಡೆಯ ಹಳ್ಳಿಯವಳು. ತೆಳ್ಳಗೆ, ಎತ್ತರ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವಳು. ಹೆಣ್ಣುಮಗಳೊಬ್ಬಳು ಏಣಿ ಹತ್ತಿ ಡ್ರಿಲ್ ಹಿಡಿಯುವುದು ಅವಳಿಗೆ ಇಷ್ಟವಾಗಿದೆ ಎಂದುಕೊಂಡು ನಾನು ಉಬ್ಬಿಹೋದೆ. ಕೇಳಿದ್ದಕ್ಕೆಲ್ಲ ಪಾಠ ಮಾಡಿದೆ.

“ಕಲ್ಲ ಗ್ವಾಡಿ ದಾಟಂಗಿಲ್ಲೇನ್ರಿ ಮೇಡಂ ಇದು?”

“ದಾಟೋದಿಲ್ಲ. ಆದ್ರ ನಿಮ್ಮ ಊಟದ ಮನಿಗೂ ಮಲಗೋ ಹಾಲಿಗೂ ನಡುವ ಹಳೇ ದೊಡ್ಡ ಬಾಗಿಲ ಇತ್ತಲ್ಲ, ಅದನ್ನ ಬರೇ ಇಟ್ಟಂಗಿ ಹಚ್ಚಿ ಮುಚ್ಯಾರ. ಅಲ್ಲಿಂದ ದಾಟತೈತಿ. ಊಟದ ಮನ್ಯಾಗ ಒಂದು ಡಬ್ಬಿ ಇಟ್ರ ಹಾಲಿಗೂ ಸಾಕಷ್ಟು ಬರತೈತಿ ನೋಡು.”

“ಮತ್ತ ಅದನ್ನ ಏನ ತಡೀತೈತ್ರಿ?”

“ತಗಡು. ತಗಡಿನ ಕಪಾಟು ಅಡ್ಡ ಇಟ್ರ ಮುಗೀತು.”

ಅವಳು ಹ್ಞೂಂ ಅಂದಳು. ನಾನು ನಕ್ಷೆಯಲ್ಲಿ ಆ ಮಲಗುವ ಹಾಲಿಗೆ ಹಳದಿ ಬಣ್ಣ ಹಚ್ಚಿದೆ.

ಮರುದಿನ ಬೆಳಿಗ್ಗೆ ಸರಿಯಾಗಿದೆಯೇ ಎಂದು ಇನ್ನೊಮ್ಮೆ ಅಳೆಯಲು ಹೋದರೆ ಹಾಲಿನಲ್ಲಿ ಸಿಗ್ನಲ್ಲೇ ಇಲ್ಲ! ಫೋನು ಕೊಡವಿದೆ. ಹೊರಗೆ ಬಂದೆ, ಇದೆ. ಒಳಗೆ ಹೋದೆ, ಇಲ್ಲ. ನಿನ್ನೆ ಇದ್ದದ್ದು ರಾತ್ರಿ ಕಳೆಯುವುದರಲ್ಲಿ ಎಲ್ಲಿ ಹೋಯಿತು? ಮೊದಲ ಕೆಲಸದಲ್ಲೇ ಮುಗ್ಗರಿಸಿದೆನಲ್ಲ ಎಂದು ಬೆವರು ಬಂತು. ಆಗ ಕಣ್ಣಿಗೆ ಬಿತ್ತು. ನಿನ್ನೆಯವರೆಗೆ ಒಬ್ಬೊಬ್ಬರ ಹಾಸಿಗೆಯ ಕಾಲ್ದೆಸೆಗೆ ಇದ್ದ ತಗಡಿನ ಟ್ರಂಕುಗಳೆಲ್ಲ ಇವತ್ತು ಇಟ್ಟಿಗೆಯಿಂದ ಮುಚ್ಚಿದ ಆ ಬಾಗಿಲಿನ ಮುಂದೆ ಒಂದರ ಮೇಲೊಂದು ಏರಿ ಕೂತಿದ್ದವು. ನೀಲಿ, ಹಸಿರು, ಗುಲಾಬಿ ಹೂ ಬಿಡಿಸಿದವು, ಹೆಸರು ಬರೆದವು. ನೆಲದಿಂದ ತಗಡಿನ ಮಾಡಿನ ಹತ್ತಿರದವರೆಗೂ ಟ್ರಂಕಿನದೇ ಗೋಡೆ.

ನನಗೆ ರೇಗಿತು. “ಯಾರವ್ವ ಇಲ್ಲಿ ಒಟ್ಟಿದವರು? ತಡೀತೈತಿ ಅಂತ ನಿನ್ನೇನ ಹೇಳಿದ್ನೆಲ್ಲ!” ಎಂದು ಒಂದು ಟ್ರಂಕಿನ ಹಿಡಿಕೆಗೆ ಕೈ ಹಾಕಿದೆ.

ಹುಲಿಗೆಮ್ಮ ಬಂದು ಟ್ರಂಕಿಗೆ ಬೆನ್ನು ಕೊಟ್ಟು ನಿಂತಳು. “ನೀವು ಹೇಳಿದ್ದಕ್ಕನ ಒಟ್ಟೇವ್ರಿ ಮೇಡಂ” ಅಂದಳು.

ಹಿಡಿಕೆಯಿಂದ ಕೈ ತೆಗೆದೆ. ಹಾಲಿನಲ್ಲಿದ್ದ ಹುಡುಗಿಯರೆಲ್ಲ ಎದ್ದು ಬಂದು ಸುತ್ತ ನಿಂತರು. ಯಾರೂ ಜೋರು ಮಾಡಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

“ನಿಮಗ ವೈಫೈ ಬ್ಯಾಡೇನು?”

“ಬೇಕ್ರಿ. ಲೈಬ್ರರ್ಯಾಗ ಬೇಕು, ಕ್ಲಾಸಿನ್ಯಾಗ ಬೇಕು. ನೋಟ್ಸ್ ಇಳಿಸ್ಕೋಬೇಕು, ಪಾಠ ನೋಡಬೇಕು. ಮಲಗೋ ಹಾಲಿನ್ಯಾಗ ಬ್ಯಾಡ್ರಿ.”

“ಯಾಕ?”

ಹುಲಿಗೆಮ್ಮ ಉಳಿದವರ ಮುಖ ನೋಡಿದಳು. ಆಮೇಲೆ ಹೇಳಿದಳು. ಅವಳ ಮದುವೆ ಗಟ್ಟಿಯಾಗಿತ್ತು, ತಾಯಿಯ ತಮ್ಮನ ಜೊತೆ. ತೊಟ್ಟಿಲಲ್ಲಿದ್ದಾಗಲೇ ಆಯಿ, ಅಂದರೆ ತಾಯಿಯ ತಾಯಿ, ಕಳ್ಳುಬಳ್ಳಿಯ ನಂಟು ಕಡಿಯಬಾರದು ಎಂದು ಮಗನಿಗೆ ಮೊಮ್ಮಗಳನ್ನು ಮಾತಾಡಿ ಇಟ್ಟಿದ್ದಳು. ನಮ್ಮ ಕಡೆ ಇದು ಹೊಸದೇನಲ್ಲ. ಪರೀಕ್ಷೆ ಮುಗಿದ ಮೇಲೆ ಲಗ್ನ ಎಂಬ ಮಾತಾಗಿತ್ತು. ಭಾನುವಾರಕ್ಕೊಮ್ಮೆ ಟಾಕಿಯ ಮೆಟ್ಟಿಲ ಮೇಲಿಂದ ಮಾತಾಡಿದರೆ ಮುಗಿಯುತ್ತಿತ್ತು. ಉಳಿದ ದಿನ ಕೇಳಿದರೆ ನೆಟ್‌ವರ್ಕ್ ಇಲ್ಲ ಎಂದರೆ ಆಯಿತು. ಈಗ ಬೋರ್ಡಿನ ಸುದ್ದಿ ಊರಿಗೂ ಮುಟ್ಟಿತ್ತು.

“ಮಾಮಾಗ ದಿನಾ ನೋಡಬೇಕಂತ್ರಿ. ವೈಫೈ ಬಂದ ಮ್ಯಾಲೆ ದಿನಾ ಸಂಜಿಗೆ ಫೋನ್ ಹಚ್ಚತೀವಿ ಅಂತ ಹೇಳ್ಯಾರ. ಹಚ್ಚಿದ್ರ ಹಚ್ಚಲಿ, ಮಾತಾಡೂಣು. ಆದ್ರ ಒಂದ ದಿನ ಎತ್ತಲಿಲ್ಲ ಅಂದ್ರ? ಹಿಂದ ಯಾರರೆ ನಕ್ರ? ನಮ್ಮ ಕಾಕಾನ ಮಗಳು ರೇಣುಕಾ ಬ್ಯಾರೆ ಊರಾಗ ಓದತಿದ್ಲು. ಅಲ್ಲಿ ಹಾಸ್ಟೆಲಿನ್ಯಾಗ ವೈಫೈ ಇತ್ತು. ಫೋನ್ ಬಂದಾಗ ಬಾಜೂಕಿನ ಹುಡುಗಿ ಲ್ಯಾಪ್‌ಟಾಪಿನ್ಯಾಗ ಪಾಠ ಹಚ್ಚಿದ್ಲು. ಪಾಠ ಹೇಳೋ ಸರ್ ಧ್ವನಿ ಕೇಳ್ಸೇತಿ. ಗಂಡಸಿನ ಧ್ವನಿ ಯಾರದು ಅಂದ್ರು. ಮರುದಿನಾನ ಬಂದು ಕರಕೊಂಡ ಹೋದ್ರು. ಪರೀಕ್ಷಾ ಬರೀಲೇ ಇಲ್ರಿ ಅಕಿ.”

“ಪಾಠದ ಧ್ವನಿ ಅಂತ ಹೇಳಲಿಲ್ಲೇನು?”

“ಹೇಳಿದ್ಲರಿ. ಯಾರ ಕೇಳತಾರ?”

ಎಲ್ಲೋ ಕೂತು ರಾಸಾಯನಿಕ ಸೂತ್ರ ಹೇಳುತ್ತಿದ್ದ ಯಾವನೋ ಮೇಷ್ಟ್ರ ದನಿ ಒಂದು ಹುಡುಗಿಯ ಓದು ಮುಗಿಸಿತ್ತು. ಅದನ್ನು ಅವಳ ಕೋಣೆಯವರೆಗೆ ತಂದು ಮುಟ್ಟಿಸಿದ್ದು ನನ್ನಂಥವರು ಕೂರಿಸಿದ ಡಬ್ಬಿ. ಹುಲಿಗೆಮ್ಮನ ಪರೀಕ್ಷೆಗೆ ಇನ್ನೂ ಎರಡು ತಿಂಗಳ ಮೇಲಿತ್ತು. ಡಿಗ್ರಿ ಮುಗಿಸಿ ಬಿ.ಎಡ್ ಮಾಡಬೇಕು, ಶಾಲೆಯಲ್ಲಿ ಪಾಠ ಹೇಳಬೇಕು ಎಂಬುದು ಅವಳ ಆಸೆ. ಮದುವೆಯಾದ ಮೇಲೆ ಏನಾಗುತ್ತದೋ ಅವಳಿಗೂ ಗೊತ್ತಿರಲಿಲ್ಲ. ಪರೀಕ್ಷೆಯಾದರೂ ದಾಟಬೇಕಿತ್ತು.

ನಾನು ನನ್ನ ಜಾಣತನ ತೋರಿಸಲು ಹೋದೆ. “ಅದಕ್ಯಾಕ ಟ್ರಂಕು? ಹಾಲಿನ್ಯಾಗ ವಿಡಿಯೋ ಕರೆ ಹೋಗದಂಗ ನಾನ ಡಬ್ಬಿ ಸೆಟಿಂಗಿನ್ಯಾಗ ಬಂದ್ ಮಾಡಿಕೊಡತೀನಿ ಬಿಡು” ಅಂದೆ.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಹುಲಿಗೆಮ್ಮ ನಗಲಿಲ್ಲ. “ಹಂಗ ಮಾಡಿದ್ರ ಯಾರು ಬಂದ್ ಮಾಡಿದ್ರು ಅಂತ ಕೇಳತಾರ್ರಿ. ಹುಡುಗ್ಯಾರನ ಮಾಡಿಸ್ಯಾರ ಅಂತಾರ. ಗ್ವಾಡಿ ತಡೀತು ಅಂದ್ರ ಗ್ವಾಡಿನ್ನ ಯಾರೂ ಬೈಯಂಗಿಲ್ಲ.”

ಆ ದಿನ ಊಟ ಸೇರಲಿಲ್ಲ. ಜೋಳದ ರೊಟ್ಟಿ ಮುಂದಿಟ್ಟುಕೊಂಡು ಬೇವಿನ ನೆರಳಲ್ಲಿ ಕೂತೆ. ಅವರ ಮನೆಗೇ ಹೋಗಿ ಆ ಮಾಮಾನಿಗೂ ಆಯಿಗೂ ಮುಖಕ್ಕೆ ಮಂಗಳಾರತಿ ಮಾಡಿ ಬರಬೇಕು ಎಂಬಷ್ಟು ಸಿಟ್ಟು. ಮಾಡಿದರೆ ಮರುದಿನವೇ ಹುಲಿಗೆಮ್ಮನ ಟ್ರಂಕು ಊರಿಗೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಂಜೆಯವರೆಗೆ ಕೂತು ನಕ್ಷೆ ಹೊಸದಾಗಿ ಬರೆದೆ. ಲೈಬ್ರರಿಗೆ ಒಳ್ಳೆಯ ಡಬ್ಬಿ, ತರಗತಿಗಳಿಗೆ ಸಾಕಾಗುವಷ್ಟು, ಊಟದ ಮನೆಗೆ ಒಂದು. ಹಾಲನ್ನು, ಜೀವನದಲ್ಲಿ ಮೊದಲ ಸಲ ಬೇಕೆಂದೇ, ಕೆಂಪು ಮಾಡಿದೆ. ಮೂಲೆ ಬಿಡದೆ ಸಿಗ್ನಲ್ಲು ಮುಟ್ಟಿಸುವುದೇ ಒಳ್ಳೆಯದು ಎಂದು ಅಲ್ಲಿಯವರೆಗೂ ನಂಬಿದ್ದವಳು ನಾನು.

ಕಾರ್ಯದರ್ಶಿಗಳಿಗೆ ಸುಳ್ಳು ಹೇಳಲಿಲ್ಲ. ಪೂರ್ತಿ ನಿಜವನ್ನೂ ಹೇಳಲಿಲ್ಲ. ಕಲ್ಲಿನ ಗೋಡೆ ಕೊರೆಯದೆ ಹಾಲಿಗೆ ಕೇಬಲ್ಲು ಬರುವುದಿಲ್ಲ, ಕೊರೆದರೆ ಹಳೆಯ ಕಟ್ಟಡ, ನಾಳೆ ಬಿರುಕು ಬಿಟ್ಟರೆ ನನ್ನನ್ನು ಕೇಳಬೇಡಿ, ತಗಡಿನ ಕಾವಿಗೆ ಡಬ್ಬಿಯೂ ಬಾಳುವುದಿಲ್ಲ ಎಂದೆ. ಅವರಿಗೆ ಬೋರ್ಡಿನ ಚಿಂತೆ. ಕೊನೆಗೆ, “ಹಂಗಾದ್ರ ಪಾಲಕರ ಸಭಾದಾಗ ನೀವ ತೋರಿಸಿ ಹೇಳ್ರಿ. ನಾ ಹೇಳಿದ್ರ ರೊಕ್ಕ ಉಳಸಾಕ ಹತ್ಯಾನ ಅಂತಾರ” ಅಂದರು.

ಸಭೆ ಯುಗಾದಿ ಮುಗಿದ ಮೇಲಿನ ಭಾನುವಾರ. ಬಿಸಿಗಾಳಿ ಬೇವಿನ ಹೂವನ್ನೆಲ್ಲ ಅಂಗಳದ ತುಂಬ ಉದುರಿಸಿತ್ತು. ರುಮಾಲು ಸುತ್ತಿದವರು, ಸೆರಗು ಹೊದ್ದವರು ಬಂದರು. ಹುಲಿಗೆಮ್ಮನ ಮನೆಯಿಂದ ಅಪ್ಪ ಬರಲಿಲ್ಲ. ಬಂದದ್ದು ಅವಳ ಮಾಮಾ, ಯಮನೂರಪ್ಪ. ವಾರ್ಡನ್ ಶಾಂತಕ್ಕ ನನ್ನ ಕಿವಿಯಲ್ಲಿ, “ಅವ ನೋಡ್ರಿ, ಹುಲಿಗಿ ಮಾಮಾ. ಕುಷ್ಟಗ್ಯಾಗ ಮೋಟರ್ ರಿಪೇರಿ ಅಂಗಡಿ ಐತಿ” ಅಂದರು. ಬೋರಿನ ಮೋಟರಿಗೆ ತಂತಿ ಸುತ್ತುವವನು! ತಗಡು ಯಾವುದು, ತಾಮ್ರ ಯಾವುದು, ಏನು ಏನನ್ನು ತಡೆಯುತ್ತದೆ ಎಂಬುದು ಅವನಿಗೆ ತಿಳಿಯದೇ? ರುಮಾಲಿನವರನ್ನು ನಂಬಿಸಬಹುದು. ಇವನನ್ನು?

ದೊಡ್ಡ ಮೀಸೆಯ ಗಂಡು ಬರುತ್ತಾನೆ ಎಂದುಕೊಂಡಿದ್ದೆ. ಬಂದವನು ಸಣಕಲ, ಬೆರಳ ಸಂದಿಯಲ್ಲಿ ಗ್ರೀಸಿನ ಕಪ್ಪು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಾತು ಕಮ್ಮಿ. ಪಾಲಕರನ್ನೆಲ್ಲ ಲೈಬ್ರರಿಯಿಂದ ಕರೆದುಕೊಂಡು ಹೊರಟೆ. ಅವರವರ ಫೋನು ಅವರವರ ಕೈಯಲ್ಲಿ. ಲೈಬ್ರರಿಯಲ್ಲಿ ಪೂರ್ತಿ. ವರಾಂಡದಲ್ಲಿ ಪೂರ್ತಿ. ಊಟದ ಮನೆಯಲ್ಲಿ ಪೂರ್ತಿ. ಹಾಲಿನೊಳಗೆ ಕಾಲಿಟ್ಟ ಕೂಡಲೇ ಒಬ್ಬೊಬ್ಬರದೇ ಸಿಗ್ನಲ್ಲಿನ ಕಡ್ಡಿ ಇಳಿದು ಮಾಯ. “ಅಬಾಬಾ, ಏನ ಗ್ವಾಡಿರೀ ಇದು!” ಎಂದು ಒಬ್ಬ ಯಜಮಾನ ಕಲ್ಲಿಗೆ ಕೈ ಬಡಿದ. ಎಲ್ಲರೂ ಗೋಡೆ ಹೊಗಳುತ್ತ ಹೊರಗೆ ಹೋದರು.

ಯಮನೂರಪ್ಪ ಹೋಗಲಿಲ್ಲ. ಫೋನು ಮುಂದೆ ಹಿಡಿದು ಹಾಲಿನಲ್ಲಿ ನಿಧಾನ ನಡೆದ. ಟ್ರಂಕುಗಳ ಮುಂದೆ ನಿಂತ. ಒಂದು ಟ್ರಂಕಿನ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿದ. ಅದರ ಸಂದಿಯಲ್ಲಿ ಕಣ್ಣಿಟ್ಟು ಹಿಂದಿನ ಇಟ್ಟಂಗಿ ನೋಡಿದ. ತಿರುಗಿ ನನ್ನನ್ನು ನೋಡಿದ. ಬಾಗಿಲಲ್ಲಿ ನಿಂತಿದ್ದ ಹುಲಿಗೆಮ್ಮನ ಮುಖ ಸುಣ್ಣದ ಗೋಡೆಯಾಗಿತ್ತು.

“ಮೇಡಂ, ಈ ಟ್ರಂಕು ತಗದ್ರ ಸಿಗ್ನಲ್ ಬರತೈತಿ. ಹೌದಿಲ್ರಿ?”

ಸುಳ್ಳು ನಾಲಿಗೆಯ ತುದಿಯವರೆಗೂ ಬಂತು. ಅವನ ಬೆರಳ ಕಪ್ಪು ನೋಡಿ ಹಿಂದಕ್ಕೆ ಹೋಯಿತು. “ಬರತೈತ್ರಿ” ಅಂದೆ.

ಅವನು ಬಾಗಿಲ ಕಡೆ ನೋಡಿದ, ಹುಲಿಗೆಮ್ಮನ ಆಚೆ ಬೇರೆ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ. ದನಿ ತಗ್ಗಿಸಿ, “ತಗೀಬ್ಯಾಡ್ರಿ” ಅಂದ.

ನನಗೆ ಕೇಳಿದ್ದು ಸರಿಯೇ ಎಂದು ಗೊತ್ತಾಗಲಿಲ್ಲ. “ಏನಂದ್ರಿ?”

“ಹಿಂಗ ಇರಲಿ. ನಿಮಗ ಕೈ ಮುಗೀತೀನ್ರಿ, ತಗೀಬ್ಯಾಡ್ರಿ. ವೈಫೈ ಬಂತಂದ್ರ ದಿನಾ ಸಂಜಿಗೆ ನನ್ನ ಹಿಡ್ಕೊಂಡು ಕುಂದರತಾರ. ಅವ್ವ ಬಾಜೂಕ, ಅಕ್ಕ ಈ ಕಡೆ, ಮಾವ ಆ ಕಡೆ. ಸ್ಪೀಕರ್ ಹಾಕು ಅಂತಾರ. ಮಾತಾಡು ಅಂತಾರ. ಏನ ಮಾತಾಡ್ಲಿ? ಉಂಡಿ? ಹ್ಞೂಂ. ಓದಿದಿ? ಹ್ಞೂಂ. ಭಾನುವಾರದ್ದನ ಸಾಕಾಗೇತಿ ನನಗ.” ತನ್ನ ಕೈ ನೋಡಿಕೊಂಡ. “ಅಕಿ ಸಣ್ಣಾಕಿದ್ದಾಗ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಅಂಗನವಾಡಿಗೆ ಬಿಟ್ಟು ಬರತಿದ್ದೆ. ಅಕಿ ಮೂಗ ಒರಿಸೇನ್ರಿ ಈ ಕೈಲೆ. ಈಗ ತಾಳಿ ಕಟ್ಟು ಅಂತಾರ. ಹೆಂಗ ಕಟ್ಲಿ?”

“ಮನ್ಯಾಗ ಹೇಳಬಾರದೇನ್ರಿ ಇದನ್ನ?”

“ನಾ ಒಲ್ಲೆ ಅಂದ್ರ ಅಕಿ ಮ್ಯಾಲೆ ಬರತೈತ್ರಿ ಮಾತು. ಹುಡುಗೀದ ಏನೋ ಐತಿ, ಅದಕ್ಕ ಸ್ವಂತ ಮಾಮಾನ ಬ್ಯಾಡಂದ ಅಂತಾರ ಮಂದಿ. ಅಕಿ ಮನಸಿನ್ಯಾಗ ಏನೈತೋ ಅದೂ ಗೊತ್ತಿಲ್ಲ. ಕೇಳಾಕ ಒಂದ ದಿನ ಬಿಟ್ಟಿಲ್ಲ ನಮ್ಮನ್ನ.”

ಬಾಗಿಲಲ್ಲಿದ್ದ ಹುಲಿಗೆಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಬಂದಳು, ನಿಲ್ಲಲಾಗದೆ ಹತ್ತಿರದ ಹಾಸಿಗೆಯ ಮೇಲೆ ಕೂತುಬಿಟ್ಟಳು. “ಮಾಮಾ, ನಿನಗೂ ಬ್ಯಾಡೇನು?” ಎಂದಳು. ಆ ದನಿಯಲ್ಲಿ ಇದ್ದದ್ದು ಸಂತೋಷವಲ್ಲ, ದುಃಖವಲ್ಲ, ಶುದ್ಧ ದಿಗ್ಭ್ರಮೆ. ಅವನೂ ಹಾಗೆಯೇ ಅವಳನ್ನು ನೋಡುತ್ತ ನಿಂತ. ವಾರವಾರವೂ ಒಬ್ಬರ ಮುಖ ಒಬ್ಬರಿಗೆ ತೋರಿಸಿ, ಎಲ್ಲರೂ ಕಿವಿಗೊಟ್ಟು ಕೂತು, ಇಬ್ಬರಿಗೂ ಒಂದೇ ಒಂದು ನಿಜ ಹೇಳಿಕೊಳ್ಳಲು ಜಾಗವಿಲ್ಲದಂತೆ ಮಾಡಿದ್ದರು. ಒಂದೇ ಗೋಡೆಯ ಹಿಂದೆ, ಒಬ್ಬರಿಂದ ಒಬ್ಬರು ಅಡಗಿಕೊಳ್ಳುತ್ತಿದ್ದೇವೆ ಎಂದುಕೊಂಡಿದ್ದರು ಇಬ್ಬರೂ.

ನಾನು ಬಾಗಿಲು ತೆರೆದೇ ಇಟ್ಟು ಹೊರಗಿನ ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಮಾತು ಕೇಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ಒಮ್ಮೆ ಹುಲಿಗೆಮ್ಮ ಅತ್ತಳು. ಇನ್ನೊಮ್ಮೆ ಇಬ್ಬರೂ ನಕ್ಕರು. ಯಮನೂರಪ್ಪ ಹೊರಗೆ ಬಂದಾಗ ಅವನ ಕಣ್ಣು ಕೆಂಪಗಿದ್ದವು. ಚಪ್ಪಲಿ ಮೆಟ್ಟುತ್ತ, “ಪರೀಕ್ಷಾ ಮುಗಿಯೂ ತನಕ ಬಾಯಿ ಬಿಡೂದಿಲ್ರಿ ನಾವು. ಆಮ್ಯಾಲೆ ಇಬ್ಬರೂ ಕೂಡೇ ಹೇಳತೀವಿ. ಒಬ್ಬರ ಮ್ಯಾಲೆ ಬರಬಾರದು ನೋಡ್ರಿ” ಅಂದ. ಆಮೇಲೆ ಟಾಕಿಯ ಮೆಟ್ಟಿಲು ಹತ್ತಿ ಮನೆಗೆ ಫೋನು ಮಾಡಿದ. ಅವನ ದನಿ ಅಂಗಳದ ತುಂಬ ಕೇಳಿತು.

“ಇಲ್ಲಬೇ ಯವ್ವ, ಬರಂಗಿಲ್ಲ. ಕಲ್ಲ ಗ್ವಾಡಿ ಐತಿ. ನಾನ ಕಣ್ಣಾರೆ ನೋಡೇನಿ!”

ಆ ಎರಡು ತಿಂಗಳು ಏನೋ ಒಂದು ನೆಪ ಮಾಡಿಕೊಂಡು ನಾನು ಯಲಬುರ್ಗಾಕ್ಕೆ ಹೋಗುತ್ತಿದ್ದೆ. ಒಂದು ಸಲ ಕೇಬಲ್ಲು ಇಲಿ ಕಡಿದದ್ದು ನಿಜ, ಉಳಿದದ್ದೆಲ್ಲ ನೆಪವೇ. ಲೈಬ್ರರಿಯ ಕಿಟಕಿಯಲ್ಲಿ ಹುಲಿಗೆಮ್ಮ ಕೂತು ಪಾಠ ಕೇಳುವುದನ್ನು ದೂರದಿಂದ ನೋಡಿ ಸಮಾಧಾನವಾಗುತ್ತಿತ್ತು. ಯಾರಾದರೂ ಊರಿನಿಂದ ಬಂದು ಕರೆದುಕೊಂಡು ಹೋಗಿಬಿಟ್ಟಿದ್ದರೆ ಎಂಬ ಭಯಕ್ಕೆ, ಗೇಟು ದಾಟುವಾಗಲೆಲ್ಲ ಕಣ್ಣು ಮೊದಲು ಆ ಕಿಟಕಿಗೇ ಹೋಗುತ್ತಿತ್ತು.

ಕೊನೆಯ ಪರೀಕ್ಷೆಯ ದಿನ ಮಧ್ಯಾಹ್ನ ಮಳೆಯ ಮೋಡ ಕಟ್ಟಿತ್ತು, ಬೀಳಲಿಲ್ಲ. ಯಮನೂರಪ್ಪ ಬೈಕು ತಂದಿದ್ದ, ಅವಳನ್ನೂ ಟ್ರಂಕನ್ನೂ ಕರೆದೊಯ್ಯಲು. ಮನೆಯಲ್ಲಿ ಹೇಳಲು ಧೈರ್ಯ ಸಾಲದು, ಅಲ್ಲಿ ಹೋದರೆ ಎಲ್ಲರೂ ಒಟ್ಟಿಗೆ ಬಾಯಿ ಹಾಕಿ ತಮ್ಮ ಮಾತೇ ಮುಳುಗಿಹೋಗುತ್ತದೆ, ಇಲ್ಲಿಂದಲೇ ಹೇಳಿಬಿಡುತ್ತೇವೆ ಎಂದರು. ಲೈಬ್ರರಿಯ ವರಾಂಡದಲ್ಲಿ, ಸಿಗ್ನಲ್ಲು ಎಲ್ಲಕ್ಕಿಂತ ಚೆನ್ನಾಗಿದ್ದ ಕಂಬದ ಹತ್ತಿರ ನಿಂತು ಹುಲಿಗೆಮ್ಮ ಮೊದಲ ಸಲ ತಾನಾಗಿ ಮನೆಗೆ ವಿಡಿಯೋ ಕರೆ ಮಾಡಿದಳು. ನಾನು ಪಕ್ಕದಲ್ಲಿದ್ದೆ, ಪರದೆ ನನಗೂ ಕಾಣುತ್ತಿತ್ತು.

ಆಯಿಯ ಹಣೆ, ಆಮೇಲೆ ಮೂಗುತಿ, ಆಮೇಲೆ ಪೂರ್ತಿ ಮುಖ ಬಂತು. ಹಿಂದೆ ಹುಲಿಗೆಮ್ಮನ ಅಪ್ಪ, ಅವ್ವ.

“ಪರೀಕ್ಷಾ ಮುಗೀತೇನ ನನ ಬಂಗಾರ? ಲಗೂನ ಬರ್ರಿ, ಅಯ್ಯನೋರು ಮುಹೂರ್ತ ತಗದಾರ” ಅಂದಳು ಆಯಿ.

ಹುಲಿಗೆಮ್ಮ ಮಾಮಾನ ಮುಖ ನೋಡಿದಳು. ಅವನು ತಲೆಯಾಡಿಸಿದ. “ಆಯಿ, ನಾವಿಬ್ಬರೂ ಲಗ್ನ ಆಗೂದಿಲ್ಲ” ಅಂದಳು.

“ಹೌದಬೇ ಯವ್ವ. ಇಬ್ಬರೂ ಮಾತಾಡೇವಿ. ಅಕಿ ನನಗ ಮಗಳಿದ್ದಂಗ. ಅಕಿ ಮುಂದ ಓದಲಿ” ಅಂದ ಅವನು, ಒಂದೇ ಉಸಿರಿನಲ್ಲಿ.

ಪರದೆ ನಿಂತುಹೋಯಿತು. ಆಯಿಯ ಬಾಯಿ ಅರ್ಧ ತೆರೆದದ್ದು ಹಾಗೆಯೇ. ಅಪ್ಪನ ಕೈ ಎತ್ತಿದ್ದು ಹಾಗೆಯೇ. ಅವ್ವನ ರೆಪ್ಪೆ ಕೂಡ ಅಲುಗಲಿಲ್ಲ. ಅಯ್ಯೋ, ಇಂಥ ಹೊತ್ತಲ್ಲೇ ಕೈ ಕೊಟ್ಟಿತಲ್ಲ ಎಂದು ತಲೆಯೆತ್ತಿ ಡಬ್ಬಿ ನೋಡಿದೆ. ಹಸಿರು ದೀಪ ಉರಿಯುತ್ತಿತ್ತು. ನನ್ನ ಫೋನು ನೋಡಿದೆ, ಪೂರ್ತಿ ಇತ್ತು. ಮತ್ತೆ ಪರದೆ ನೋಡಿದಾಗ ಆಯಿಯ ಹಿಂದೆ ಅಂಗಳದಲ್ಲಿ ಒಂದು ಕೋಳಿ ನೆಲ ಕೆದರುತ್ತ ಈ ಕಡೆಯಿಂದ ಆ ಕಡೆಗೆ ನಡೆದುಹೋಯಿತು. ನೆಟ್‌ವರ್ಕ್ ನಿಂತಿರಲಿಲ್ಲ. ನಿಂತಿದ್ದವರು ಮನುಷ್ಯರು.

ಕೋಳಿ ಇನ್ನೊಮ್ಮೆ ವಾಪಸು ಬಂತು. ಆಯಿಯ ಕಣ್ಣು ನಿಧಾನಕ್ಕೆ ಮಗನ ಮುಖದಿಂದ ಮೊಮ್ಮಗಳ ಮುಖಕ್ಕೆ ಹೋದವು, ಅಲ್ಲಿಯೇ ಸ್ವಲ್ಪ ಹೊತ್ತು ಇದ್ದವು. ಈಗ ಬೈಗುಳ ಶುರುವಾಗುತ್ತದೆ ಎಂದು ನಾನು ಹಲ್ಲು ಕಚ್ಚಿ ನಿಂತೆ. ಹುಲಿಗೆಮ್ಮ ನನ್ನ ಮುಂಗೈ ಹಿಡಿದುಕೊಂಡಿದ್ದಳು, ಉಗುರು ಊರುವಷ್ಟು.

“ಏನೂ ಕೇಳವಲ್ದವ್ವ” ಅಂದಳು ಆಯಿ. “ನೆಟ್‌ವರ್ಕ್ ಇಲ್ಲ. ಇಡತೀನಿ.”

ಕರೆ ಕಡಿಯಿತು. ನಾವು ಮೂವರೂ ಖಾಲಿ ಪರದೆ ನೋಡುತ್ತ ನಿಂತೆವು. ಆಮೇಲೆ ಟ್ರಂಕನ್ನು ಬೈಕಿಗೆ ಕಟ್ಟಿಕೊಂಡು ಅವರಿಬ್ಬರೂ ಹೊರಟರು. ಧೂಳು ಕೂರುವವರೆಗೂ ನಾನು ಗೇಟಿನಲ್ಲೇ ಇದ್ದೆ. ಏನಾಗುತ್ತದೋ ಯಾರಿಗೆ ಗೊತ್ತಿತ್ತು? ಆಗಲಿ, ಪರೀಕ್ಷೆಯಂತೂ ಮುಗಿದಿತ್ತು.

ಇದೆಲ್ಲ ನೆನಪಾಗಿ, ಕಬ್ಬಿನ ಹಾಲಿನ ಗ್ಲಾಸು ವಾಪಸು ಕೊಟ್ಟು ರಸ್ತೆ ದಾಟಿ ಒಳಗೆ ಹೋದೆ. ಶಾಂತಕ್ಕನ ತಲೆ ಬೆಳ್ಳಗಾಗಿತ್ತು, ಗುರುತು ಹಿಡಿದು ಚಹಾ ಮಾಡಿಸಿದರು. ಹಾಲಿನಲ್ಲಿ ಟ್ರಂಕುಗಳು ಅಲ್ಲಿಯೇ ಇದ್ದವು. ಹೆಸರುಗಳು ಬೇರೆ. ಯಾಕೆ ಇಲ್ಲಿ ಒಟ್ಟಿದ್ದೀರಿ ಎಂದು ಒಬ್ಬ ಹುಡುಗಿಯನ್ನು ಕೇಳಿದೆ. “ಮೊದಲಿಂದ ಹಿಂಗ ಐತ್ರಿ ಅಕ್ಕಾರ. ಈ ಹಾಲಿಗೆ ನೆಟ್‌ವರ್ಕ್ ಬರಂಗಿಲ್ಲ, ಕಲ್ಲ ಗ್ವಾಡಿ” ಅಂದಳು, ಬಲು ಗಂಭೀರವಾಗಿ.

ವರಾಂಡದ ಅದೇ ಕಂಬದ ಹತ್ತಿರ ನಿಂತು ಹುಲಿಗೆಮ್ಮನಿಗೆ ವಿಡಿಯೋ ಕರೆ ಮಾಡಿದೆ. ಅವಳೀಗ ಕುಷ್ಟಗಿಯ ಹತ್ತಿರ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ರಜೆಯ ದಿನ, ಆಯಿಯ ಮನೆಯಲ್ಲಿದ್ದಳು. ತೊಡೆಯ ಮೇಲೆ ಯಮನೂರಪ್ಪನ ಸಣ್ಣ ಮಗಳು. ಮಾತಾಡುತ್ತಲೇ ಸೆರಗಿನಿಂದ ಅದರ ಮೂಗು ಒರೆಸುತ್ತಿದ್ದಳು. ಆ ಲಗ್ನದ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲೇ ಇಲ್ಲ ಎಂದು ಅವಳು ಹಿಂದೆಯೇ ಹೇಳಿದ್ದಳು. ಬಯ್ಯಲಿಲ್ಲ, ಒಪ್ಪಲೂ ಇಲ್ಲ. ಅಯ್ಯನವರು ತೆಗೆದ ಮುಹೂರ್ತ ತಾನಾಗಿ ಕಳೆದುಹೋಯಿತಂತೆ.

ಅಷ್ಟರಲ್ಲಿ ಪಕ್ಕದಿಂದ ಒಂದು ಸುಕ್ಕುಗಟ್ಟಿದ ಹಣೆ ಪರದೆಗೆ ಬಂತು. “ಯಾರಬೇ ಇಕಿ?”

“ಆಯಿ, ನಮ್ಮ ಕಾಲೇಜಿಗೆ ವೈಫೈ ಹಾಕಿದ ಮೇಡಂ.”

“ಹೌದಾ? ಏ ಯವ್ವ, ನಿನಗ ಒಂದ ಮಾತ ಹೇಳಬೇಕಂತ ಭಾಳ ದಿನ ಆತು ನೋಡು. ಅವತ್ತ ನೀ ಹಾಕಿದ ನೆಟ್‌ವರ್ಕ್ ಕೈ ಕೊಟ್ಟಿತ್ತು. ಇವರಿಬ್ಬರೂ ಏನೋ ಹೇಳಾಕ ಹತ್ತಿದ್ರು, ಒಂದಕ್ಷರ ಕೇಳಲಿಲ್ಲ ನನಗ.”

ನಾನು ತಲೆಯೆತ್ತಿದೆ. ಮೇಲೆ ಅದೇ ಡಬ್ಬಿ, ಧೂಳು ಹಿಡಿದು, ಹಸಿರು ದೀಪ ಹಚ್ಚಿಕೊಂಡು ಕೂತಿತ್ತು. ನನ್ನ ಕೈಯಾರೆ ಅಳೆದು, ಚಾನೆಲ್ಲು ಹೊಂದಿಸಿ, ಒಂದು ಕ್ಷಣವೂ ಕಡಿಯಬಾರದೆಂದು ಕೂರಿಸಿದ್ದು. ಆಯಿ ನನ್ನ ಉತ್ತರಕ್ಕೆ ಕಾಯುತ್ತ ಪರದೆಯೊಳಗಿಂದ ನನ್ನನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ.

“ಹೌದ್ರಿ ಆಯಿ” ಅಂದೆ. “ಅವತ್ತ ನೆಟ್‌ವರ್ಕ್ ಇರಲಿಲ್ಲ.”